ಕುಂಕುಮ ಹಚ್ಚಿದ ಚಕ್ರದ ಒಳಗಡೆ

ಇದು ನಡೆದದ್ದು ಹೋದ ವರ್ಷ ಕಾರ್ತಿಕ ಮಾಸದಲ್ಲಿ. ಮಗಳು ಸುಮಾಳ ಮಗುವಿಗೆ ನಂಜನಗೂಡಿನಲ್ಲಿ ಮುಡಿ ತೆಗೆಸುವುದಿತ್ತು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಮುಡಿ ತೆಗೆಸುವುದು ನಮ್ಮಲ್ಲಿ ಪದ್ಧತಿ. ಹಾಗಾಗಿ ನನ್ನ ಮಗ ಬಸವರಾಜು ತನ್ನ ಹಳೇ ಕಾರಿನಲ್ಲೇ ಎಲ್ಲರನ್ನೂ ಕರೆದುಕೊಂಡು ಹೋಗುವುದೆಂದು ಮಾತಾಯಿತು. ಸೋಮವಾರ ಬೆಳಗ್ಗೆ ಹೊರಡಬೇಕು. ಭಾನುವಾರ ಮಗಳನ್ನೂ ಮಗುವನ್ನೂ ಹನುಮಂತನಗರದ ನಮ್ಮ ಮನೆಗೆ ಕರೆತರಲು ನಾನೂ ಮಗನೂ ಅರೆಕೆರೆಗೆ ಹೊರಟೆವು.

ಮಗಳ ಮನೆಗೆ ಬರಿಗೈಯಲ್ಲಿ ಹೋಗುವವಳಲ್ಲ ನಾನು. ಸ್ಟೀಲ್ ಡಬ್ಬಿಯಲ್ಲಿ ನುಗ್ಗೇಕಾಯಿ ಹುಳಿ ತುಂಬಿ, ಮುಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅದೇ ಡಬ್ಬಿ, ಅದೇ ರಸ್ತೆ. ಮೊದಲೆಲ್ಲ ಒಂದು ಹನಿ ಚೆಲ್ಲುತ್ತಿರಲಿಲ್ಲ. ಆದರೆ ಎರಡು ಮೂರು ತಿಂಗಳಿಂದ ಹಂಪ್ ದಾಟಿದ ಮೇಲೂ ಕಾರು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ನನ್ನ ಕಾಲ ಕೆಳಗೆ ಟಕ್ ಟಕ್ ಎಂದು ಸದ್ದು. ಬ್ರೇಕ್ ಹಾಕಿದರೆ ಕಾರಿನ ಮೂತಿ ನೆಲಕ್ಕೆ ಬಾಗುತ್ತಿತ್ತು. ಅವತ್ತು ಅರ್ಧ ಹುಳಿ ಸೀರೆಯ ಮೇಲೇ ಬಂತು.

"ಬಸು, ಕಾರಿಗೆ ಏನೋ ಆಗಿದೆ ಕಣೋ," ಎಂದೆ.

"ಕಾರಿಗೇನೂ ಆಗಿಲ್ಲಮ್ಮ, ರೋಡಿಗೆ ಆಗಿರೋದು. ಈ ಗುಂಡಿಗಳಲ್ಲಿ ವಿಮಾನ ಓಡಿಸಿದ್ರೂ ಹಿಂಗೇ ಕುಣಿಯುತ್ತೆ."

"ಜಯನಗರದಲ್ಲಿ ಹೊಸ ಟಾರು ಹಾಕಿದ್ದಾರಲ್ಲ, ಅಲ್ಲೂ ಟಕ್ ಅಂತಿತ್ತಲ್ಲ?"

"ಅಮ್ಮ, ನೀನು ಹುಳಿ ನೋಡ್ಕೋ, ನಾನು ಕಾರು ನೋಡ್ಕೋತೀನಿ."

ನನ್ನ ಬಾಯಿ ಮುಚ್ಚಿಸಿದ. ನಮ್ಮೂರಿನಲ್ಲಿ ಇದೊಂದು ಅನುಕೂಲ. ಕಾರು ಎಷ್ಟೇ ಕೆಟ್ಟಿರಲಿ, ತಪ್ಪೆಲ್ಲ ಗುಂಡಿಯ ತಲೆಗೆ ಕಟ್ಟಬಹುದು.

ವಾಪಸು ಬರುವಾಗ ಸುಮಾ ಹಿಂದೆ ಕೂತಳು, ಮಗು ಅವಳ ಮಡಿಲಲ್ಲಿತ್ತು. ನಾಳೆ ದೂರ ಹೋಗುವುದಲ್ಲ ಎಂದು ಮಗ ಜೆ.ಪಿ. ನಗರದ ಒಂದು ಪಂಚರ್ ಅಂಗಡಿಯ ಮುಂದೆ ಗಾಳಿ ತುಂಬಿಸಲು ನಿಲ್ಲಿಸಿದ. ಅಂಗಡಿಯಲ್ಲಿ ಇದ್ದದ್ದು ಒಬ್ಬ ಹೆಂಗಸು. ಹೆಸರು ಮಂಜುಳಾ ಎಂದು ಆಮೇಲೆ ಗೊತ್ತಾಯಿತು. ನಲವತ್ತರ ವಯಸ್ಸು, ಸೀರೆಯ ಮೇಲೆ ಗಂಡಸಿನ ಅಂಗಿ, ಮೊಣಕೈತನಕ ಕರಿ ಗ್ರೀಸು. ಗಾಳಿಯ ಪೈಪು ಸಿಕ್ಕಿಸಿ, ಅಭ್ಯಾಸಕ್ಕೋ ಏನೋ, ನನ್ನ ಕಡೆಯ ಮುಂದಿನ ಚಕ್ರದ ಒಳಬದಿಗೆ ಕೈ ಹಾಕಿದಳು. ಸರಕ್ಕನೆ ಕೈ ಎಳೆದುಕೊಂಡಳು. ಬೆರಳಿನಲ್ಲಿ ರಕ್ತ.

"ಸಾರ್, ಒಳಗಡೆ ನೋಡಿದೀರಾ? ಟೈರ್ ಪೂರ್ತಿ ಸವ್ದು ತಂತಿ ಆಚೆ ಬಂದೈತೆ."

"ಹೊರಗಡೆ ಚೆನ್ನಾಗೇ ಇದೆಯಲ್ಲ," ಎಂದ ಮಗ.

ಅವಳು ಎದ್ದು ನಿಂತಳು. ಕಾರಿನ ಮುಂದಿನ ಮೂಲೆಯ ಮೇಲೆ ಮೈಭಾರ ಹಾಕಿ ಒತ್ತಿ ಬಿಟ್ಟಳು. ಅದು ಎದ್ದಿತು, ಬಗ್ಗಿತು, ಮತ್ತೆ ಎದ್ದಿತು, ಮತ್ತೆ ಬಗ್ಗಿತು.

"ಒಂದ್ಸಲ ಎದ್ದು ಸುಮ್ಕಾಗ್ಬೇಕು. ಇದು ಉಯ್ಯಾಲೆ ಆಡ್ತೈತೆ. ಶಾಕ್ ಅಬ್ಸಾರ್ಬರ್ ಹೋಗೈತೆ ಸಾರ್. ನೋಡಿ, ಎಣ್ಣೆ ಸೋರಿ ಧೂಳು ಮೆತ್ಕೊಂಡೈತೆ."

ಮಗ ಗಡಿಯಾರ ನೋಡಿದ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

"ಗಾಳಿ ಹೊಡಿ ಅಂದ್ರೆ ಕಾರೇ ಕೆಟ್ಟೋಗಿದೆ ಅಂತೀಯಲ್ಲ. ಹೊಸ ಟೈರ್ ಮಾರ್ಬೇಕೇನಮ್ಮ ನಿಂಗೆ?" ಎಂದೆ.

ಅವಳು ನಕ್ಕಳು. "ಹಿಂದೆ ತಿರುಗಿ ನೋಡಜ್ಜಿ. ನನ್ನಂಗ್ಡೀಲಿ ಟೈರೂ ಇಲ್ಲ, ಶಾಕೂ ಇಲ್ಲ. ಗಾಳಿ, ಪಂಚರ್ ಅಷ್ಟೇಯ. ನೀವು ರಿಪೇರಿ ಮಾಡಿಸಿದ್ರೆ ನಂಗೇನೂ ಬರಾಕಿಲ್ಲ. ಮಗು ಕೂತೈತೆ ಅಂತ ಹೇಳ್ದೆ."

ನಿಜವೇ. ಅಲ್ಲಿ ಒಂದು ಹಳೇ ಟ್ಯೂಬು, ನೀರಿನ ತೊಟ್ಟಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ಮಾತನ್ನು ಮಗ ಹೇಗೆ ತಳ್ಳಿಹಾಕಿದನೋ, ಅವಳ ಮಾತನ್ನು ನಾನು ಹಾಗೇ ತಳ್ಳಿಹಾಕಿದ್ದೆ. ನನಗೇ ನಾಚಿಕೆಯಾಯಿತು.

ಮಗುವನ್ನೂ ನಮ್ಮನ್ನೂ ಕೆಳಗಿಳಿಸಿ ಅವಳು ಜಾಕ್ ಕೊಟ್ಟು ಚಕ್ರ ಎತ್ತಿದಳು. "ಬಾ ಅಜ್ಜಿ, ಮೇಲೊಂದು ಕೈ, ಕೆಳಗೊಂದು ಕೈ ಹಿಡ್ದು ಅಲ್ಲಾಡ್ಸು," ಎಂದಳು. ಅಲ್ಲಾಡಿಸಿದೆ. ಕಡಕ್ ಕಡಕ್ ಎಂದು ಚಕ್ರ ಆಡಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಾರಿನ ವಿಷಯ ನನಗೇನು ಗೊತ್ತು? ಆದರೆ ಹಿಡಿ ಸಡಿಲವಾದ ಬಾಣಲೆ ಕೈಗೆ ಗೊತ್ತಾಗುತ್ತದೆ. ಅಂಥ ಬಾಣಲೆಯಲ್ಲಿ ಕಾದ ಎಣ್ಣೆ ತುಂಬಿಕೊಂಡು ಮಗುವಿನ ಪಕ್ಕ ಯಾರೂ ಓಡಾಡುವುದಿಲ್ಲ.

"ಬಸು, ನಾಳೆ ಈ ಕಾರು ಹೊರಟರೆ ನಾನೂ ಬರಲ್ಲ, ಮಗೂನೂ ಕೊಡಲ್ಲ. ನಿನ್ನ ತೊಡೆ ಮೇಲೆ ತೆಂಗಿನಕಾಯಿ ಇಟ್ಕೊಂಡು ಮುಡಿ ತೆಗೆಸ್ಕೊಂಡು ಬಾ."

ಸುಮಾ ಜೋರಾಗಿ ನಕ್ಕುಬಿಟ್ಟಳು. ಮಗ ಬಗ್ಗಿ ತಾನೇ ಚಕ್ರ ಅಲ್ಲಾಡಿಸಿ ನೋಡಿದ. ಆಮೇಲೆ ಕಾರಿನ ಕೀ ಮಂಜುಳಾ ಕೈಗೆ ಕೊಟ್ಟ. ಮಂಜುಳಾ ಬನಶಂಕರಿಯ ಒಬ್ಬ ಮೆಕ್ಯಾನಿಕ್ಕಿಗೆ ಫೋನು ಮಾಡಿ ಅಲ್ಲಿಗೇ ಕರೆಸಿದಳು. ಕಾರನ್ನು ಎತ್ತಿ ಸಾಗಿಸಿದರು. ನಾವು ಆಟೋದಲ್ಲಿ ಮನೆಗೆ ಬಂದೆವು. ಮರುದಿನ ಮೈಸೂರಿಗೆ ರೈಲು, ಅಲ್ಲಿಂದ ಬಸ್ಸು. ಮುಡಿ ಚೆನ್ನಾಗಿಯೇ ಆಯಿತು. ಮಗು ಅತ್ತಿತು, ಸೋದರಮಾವನ ಪಂಚೆ ಒದ್ದೆ ಮಾಡಿತು.

ಬುಧವಾರ ಗ್ಯಾರೇಜಿಗೆ ನಾನೂ ಹೋದೆ. ಮೆಕ್ಯಾನಿಕ್ ಒಂದು ಕಬ್ಬಿಣದ ಗುಂಡು ತೋರಿಸಿದ. ಚಕ್ರವನ್ನು ಕಾರಿಗೆ ಹಿಡಿದಿಡುವ ಕೀಲು ಅದು. ಅದರ ಗೂಡು ಎಷ್ಟು ಸವೆದಿತ್ತೆಂದರೆ ಗುಂಡು ಕೈಯಲ್ಲೇ ಕಳಚಿ ಬಂತು. "ಸ್ಪೀಡಲ್ಲಿ ಹೋಗುವಾಗ ಇದು ಬಿಟ್ಟಿದ್ರೆ ಚಕ್ರ ಮಡಚ್ಕೊಂಡು ಗಾಡಿ ಪಲ್ಟಿನೇ ಅಜ್ಜಿ," ಎಂದ. ಕೀಲು, ಟೈರು ಹೊಸದು ಹಾಕಿದ್ದ. ಶಾಕ್ ಅಬ್ಸಾರ್ಬರ್ ಎರಡೂ ಕಡೆ ಬದಲಾಯಿಸಿದ್ದ. ಒಂದೇ ಕಡೆ ಹಾಕಿದರೆ ಗಾಡಿ ಕುಂಟುತ್ತದಂತೆ. ಚಕ್ರಗಳನ್ನು ನೇರ ಮಾಡಿಸಿಕೊಟ್ಟಿದ್ದ.

ಮುಂದಿನ ಭಾನುವಾರ ಎರಡು ಡಬ್ಬಿ ಹುಳಿ ತುಂಬಿಸಿಕೊಂಡು ಅದೇ ಕಾರಿನಲ್ಲಿ ಹೋದೆ. ಹಂಪುಗಳು ಅವೇ, ಗುಂಡಿಗಳು ಅವೇ. ಒಂದು ಹನಿ ಚೆಲ್ಲಲಿಲ್ಲ. ಒಂದು ಡಬ್ಬಿ ಮಂಜುಳಾಗೆ ಕೊಟ್ಟು, "ಅವತ್ತು ನಾನು ಅಂದದ್ದು ತಪ್ಪಾಯ್ತು ಕಣಮ್ಮ," ಎಂದೆ.

ಅವಳು ಮುಚ್ಚಳ ತೆಗೆದು ಮೂಸಿ, "ನುಗ್ಗೇಕಾಯಾ? ಹಂಗಾದ್ರೆ ಇನ್ನೂ ನಾಕ್ ಮಾತು ಅನ್ನಜ್ಜಿ," ಎಂದಳು.

ಒಂದು ಮಾತು ಒಪ್ಪಿಕೊಳ್ಳಬೇಕು. ಇದೆಲ್ಲ ಆಗುವುದಕ್ಕೆ ಸ್ವಲ್ಪ ದಿನ ಮುಂಚೆ ಆಯುಧಪೂಜೆಯಲ್ಲಿ ಅದೇ ಚಕ್ರ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣು ಇಟ್ಟವಳು ನಾನೇ. ಕಾಣುವ ಕಡೆಗೆ ಮಾತ್ರ ಪೂಜೆ ಮಾಡಿದ್ದೆ. ದೇವರು ಕಾಪಾಡಿದ ಎಂದು ನೆಂಟರೆಲ್ಲ ಹೇಳುತ್ತಾರೆ. ಕಾಪಾಡಿರಬಹುದು. ಆದರೆ ಬೆರಳು ಕುಯ್ದುಕೊಂಡವಳು ಮಂಜುಳಾ.

ಈ ವರ್ಷದ ಆಯುಧಪೂಜೆಗೆ ಮಂಡಿನೋವಿದ್ದರೂ ನೆಲಕ್ಕೆ ಕೂತು ನಾಲ್ಕೂ ಚಕ್ರದ ಒಳಬದಿಗೆ ಕೈ ಹಾಕಿ ಸವರಿ ನೋಡಿದೆ. ಆಮೇಲೆ ಕುಂಕುಮ ಹಚ್ಚಿದೆ.