ಅರ್ಧ ಚೌಕಾಬಾರ

ಹಟ ಅಂದರೆ ರಾವಂದೂರಿನ ಪವಿತ್ರಾಳದು. ತೊಂಬತ್ತೇಳರಲ್ಲಿ ಪಿರಿಯಾಪಟ್ಟಣದ ಕಂಪ್ಯೂಟರ್ ಸೆಂಟರಿನಲ್ಲಿ ನಾವಿಬ್ಬರೂ ಟೈಪಿಂಗ್ ಹೇಳಿಕೊಡುತ್ತಿದ್ದೆವು. ಬಿಡುವು ಸಿಕ್ಕಾಗ ನಾನು ಕಡಲೆಕಾಯಿ ತಿನ್ನುತ್ತಿದ್ದೆ, ಅವಳು ಕಂಪ್ಯೂಟರಿನಲ್ಲಿ ಚೌಕಾಬಾರ ಕಟ್ಟುತ್ತಿದ್ದಳು. ಕನ್ನಡ ಅಕ್ಷರಗಳನ್ನೂ ಚುಕ್ಕಿ ಚುಕ್ಕಿ ಇಟ್ಟು ತಾನೇ ಬರೆದಳು. ಕವಡೆ ಉರುಳುವ ಸದ್ದು ಮಾತ್ರ ಕೊನೆತನಕ ಕಪ್ಪೆ ವಟಗುಟ್ಟಿದ ಹಾಗೇ ಇತ್ತು.

ಹಂಚುವುದಕ್ಕೆ ಶೇರ್‌ವೇರ್ ದಾರಿ ಹಿಡಿದಳು. ಆಗ ಪರದೇಶದ ಎಷ್ಟೋ ಆಟಗಳು ಬರುತ್ತಿದ್ದುದು ಹಾಗೆಯೇ. ಮೊದಲ ಭಾಗ ಪುಕ್ಕಟೆ, ಫ್ಲಾಪಿಗೆ ಇಳಿಸಿಕೊಂಡು ಯಾರಿಗೆ ಬೇಕಾದರೂ ಕೊಡಬಹುದು; ರುಚಿ ಹತ್ತಿದವರು ಆಟ ಮಾಡಿದವರನ್ನು ಕೇಳಿ, ದುಡ್ಡು ಕೊಟ್ಟು ಉಳಿದದ್ದನ್ನು ಪಡೆಯಬೇಕು. ಪವಿತ್ರಾಳ ಆಟದಲ್ಲಿ ಮೊದಲ ಕಾಯಿ ಹಣ್ಣಾದ ಕೂಡಲೇ ಮಣೆ ನಿಂತು, ‘ಉಳಿದ ಆಟ ಬೇಕಾದವರು ಕೇಳಿ’ ಎಂಬ ಸಾಲೂ ಸೆಂಟರಿನ ವಿಳಾಸವೂ ಬರುತ್ತಿದ್ದವು.

ಸೆಂಟರಿನ ಯಜಮಾನ ಕೃಷ್ಣಕುಮಾರ್‌ಗೆ ಇದು ಸರಿಬೀಳಲಿಲ್ಲ. “ಯುಗಾದಿಗಂಟ ನೋಡ್ತೀನಿ. ಒಬ್ರಾದ್ರೂ ಕೇಳ್ಕೊಂಡು ಬಂದ್ರೆ ಸರಿ. ಇಲ್ದಿದ್ರೆ ಆಟನ ಅಳಿಸಾಕ್ತೀನಿ ಕಣಮ್ಮ, ಮತ್ತೆ ಮಿಶಿನ್ ಮುಟ್ಟಂಗಿಲ್ಲ” ಅಂದ. ಅವಳಿಗೆ ಬೇರೆ ಕಂಪ್ಯೂಟರ್ ಎಲ್ಲಿತ್ತು?

ಫ್ಲಾಪಿಗಳು ಹುಣಸೂರಿಗೆ, ಸರಗೂರಿಗೆ ಹೋದವು. ಕೇಳಿಕೊಂಡು ಬಂದ ನರಪಿಳ್ಳೆ ಇಲ್ಲ. “ಬುಟ್ಟಾಕೇ” ಅಂದೆ ನಾನು. ಅವಳು ನನ್ನನ್ನೂ ಎಳೆದುಕೊಂಡು ಸರಗೂರಿನ ಬಸ್ಸು ಹತ್ತಿದಳು.

ಅಲ್ಲಿ ಚಿಕ್ಕಸಿದ್ದಮ್ಮ ಎಂಬಾಕೆ ಮಗನ ಬೀಜದಂಗಡಿಯ ಕಂಪ್ಯೂಟರಿನಲ್ಲಿ ಆ ಅರ್ಧ ಆಟವನ್ನೇ ಮತ್ತೆ ಮತ್ತೆ ಆಡುತ್ತಿದ್ದರು. ಉಳಿದದ್ದು ಯಾಕೆ ಕೇಳಲಿಲ್ಲ ಅಂದಳು ಪವಿತ್ರಾ.

“ಅಯ್ಯೋ, ಪುಕ್ಸಟ್ಟೆ ಇಷ್ಟು ಕೊಟ್ಟವ್ರೆ. ಇನ್ನೂ ಬೇಕು ಅಂತ ಬಾಯ್ಬುಟ್ಟು ಕೇಳಕಾಯ್ತದಾ? ನಾಚ್ಕೆ ಆಗಲ್ವಾ?”

ಸರಿಯಾದ ಮಾತು. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು ಇನ್ನಷ್ಟು ಹಾಕಿ ಅನ್ನುವುದುಂಟೇ? ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಅನ್ನುತ್ತೇವೆ. ಬಡಿಸುವವರೇ ಬಲವಂತ ಮಾಡಬೇಕು. ಪರದೇಶದವರಿಗೆ ಇದು ಹೇಗೆ ಗೊತ್ತಾಗಬೇಕು? ಅವರನ್ನು ನೋಡಿ ಬರೆದ ಇವಳೂ ಮರೆತಿದ್ದಳು.

ವಾಪಸ್ ಬಂದವಳೇ ವಿಳಾಸ ಮಾತ್ರ ಉಳಿಸಿ, ‘ಕೇಳಿ’ ಅನ್ನುವ ಸಾಲು ಅಳಿಸಿ ಹೊಸದು ಬರೆದಳು: ‘ಇಷ್ಟಕ್ಕೇ ಎದ್ರೆ ಹೆಂಗೆ? ಇನ್ನೂ ಮೂರು ಕಾಯಿ ಅದೆ. ಬರ್ಲೇಬೇಕು, ಬರ್ದಿದ್ರೆ ನನ್ನಾಣೆ.’ ಆಣೆಯೆಲ್ಲ ಅತಿಯಾಯಿತು ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೆ ಫ್ಲಾಪಿ ತುಂಬಿ ಹಂಚಿದಳು.

ಯುಗಾದಿಗೆ ಇನ್ನೂ ವಾರವಿದ್ದಾಗ ಪಂಚೆ ಉಟ್ಟವರೊಬ್ಬರು ಸೆಂಟರಿನ ಬಾಗಿಲಲ್ಲಿ ನಿಂತರು. ಕೆ.ಆರ್. ನಗರದ ಅಕ್ಕಿ ಗಿರಣಿಯ ಸೋಮಯ್ಯನಂತೆ. ನಾವು ಅವರಿಗೆ ಫ್ಲಾಪಿ ಕೊಟ್ಟಿರಲೇ ಇಲ್ಲ. ಅದು ಯಾರ್ಯಾರದೋ ಕೈ ದಾಟಿ ಹೋಗಿತ್ತು.

“ಆಣೆ ಇಟ್ಟೋರು ಯಾರ್ರೀ ಇಲ್ಲಿ?” ಅಂತ ಗದರಿದರು.

ಕೃಷ್ಣಕುಮಾರ್ ಹೆದರಿ ಪವಿತ್ರಾಳ ಕಡೆ ಬೆರಳು ತೋರಿಸಿದ. ಅವಳು ಎದ್ದು ನಿಂತಳು.

“ಬಂದಿವ್ನಿ ಕಣವ್ವ,” ಅಂದರು ಸೋಮಯ್ಯ, “ಆಣೆ ತಗಿ.”