ತಿರುಚಿ ಹೇಳಿದ ಕೊನೆ

ಹಿಂದವಾಡಿಯ ನಮ್ಮ ಮನೆಗೆ ಖಾನಾಪುರದಿಂದ ದಿನಾ ಬೆಳಗಿನ ಬಸ್ಸಿಗೆ ಬಂದು ಕೆಲಸ ಮಾಡಿ ಹೋಗುತ್ತಿದ್ದ ಹೆಣ್ಣುಮಗಳಿಗೆ ಕಳೆದ ವರ್ಷ ತನ್ನ ಓಣಿಯ ಶಾಲೆಯಲ್ಲೇ ಬಿಸಿಯೂಟ ಮಾಡುವ ಕೆಲಸ ಸಿಗುವ ಹಾಗಾಯಿತು. "ಹೋಗಲೋ ಬ್ಯಾಡೋ, ನೀವ ಹೇಳ್ರಿ ಅಕ್ಕಾರ. ನಿಮ್ಮನ್ನ ಕೇಳಿ ತಿಳಸ್ತೀನಿ ಅಂತ ಸಾಲ್ಯಾಗ ಅಂದೀನಿ," ಎಂದಿದ್ದಳು. "ನೋಡೂಣು ತಡಿ" ಎಂದು ನಾನು ಮೂರು ದಿನ ತಳ್ಳಿದ್ದೆ. ಎಂಟು ವರ್ಷದಿಂದ ನನ್ನ ಅಡುಗೆಮನೆಯ ಪ್ರತಿ ಡಬ್ಬಿಯೂ ಅವಳ ಕೈಗೆ ಗೊತ್ತು. ಅವಳಿಲ್ಲದ ಬೆಳಗನ್ನು ನೆನೆಸಿಕೊಂಡರೇ ನನಗೆ ಕೈಕಾಲು ಆಡುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಪಾತ್ರೆ ಮುಗಿದ ಮೇಲೆ ಇಬ್ಬರೂ ಟಿ.ವಿ. ಮುಂದೆ ಕೂತೆವು. ನಾನು ಸೋಫಾದ ಮೇಲೆ, ಅವಳು ಕೆಳಗೆ. ಮೇಲೆ ಕೂಡು ಎಂದು ನಾನು ಒಂದು ದಿನವೂ ಅಂದಿರಲಿಲ್ಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ. ಇಟಲಿಯ ಹಳೆಯ ಕಪ್ಪುಬಿಳುಪು ಸಿನಿಮಾ, ಮನೆಗೆಲಸದ ಹುಡುಗಿಯೊಬ್ಬಳ ಹಾಸ್ಯಕಥೆ. ಮಾತಿನ ಅರ್ಥ ಇಂಗ್ಲಿಷಿನಲ್ಲಿ ಕೆಳಗೆ ಓಡುತ್ತಿತ್ತು. ಅವಳು ಮರಾಠಿ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿದವಳು. ಕಾನ್ವೆಂಟಿನಲ್ಲಿ ಕಲಿತ ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಸಿನಿಮಾದ ಯಜಮಾನಿ ಒಲೆ ಹಚ್ಚಲು ಬಾರದೆ ಹುಬ್ಬು ಸುಟ್ಟುಕೊಂಡಾಗ, "ಅಗ ಬಾಯೀ! ಥೇಟ್ ನಿಮ್ಮಂಗ ಅದಾಳ ನೋಡ್ರಿ," ಎಂದು ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ.

ಕೊನೆಗೆ ಆ ಹುಡುಗಿ ಪೆಟ್ಟಿಗೆ ಹಿಡಿದು ಟ್ರಾಮ್ ಹತ್ತಿದಳು. ಬಾಲ್ಕನಿಯಲ್ಲಿ ನಿಂತ ಯಜಮಾನಿಗೆ ಅವಳು ಕೂಗಿ ಹೇಳಿದ್ದನ್ನು ಓದಿದೆ. ಬೇರೆ ಕೆಲಸ ಸಿಕ್ಕಿದೆ, ಇನ್ನು ಬರುವುದಿಲ್ಲ.

"ಏನಂದ್ಲ್ರಿ?"

"ಊರಿಗೆ ಹೋಗಿ ಎರಡ ದಿನಾ ಬಿಟ್ಟ ಬರ್ತಾಳಂತ," ಎಂದೆ. ಅಷ್ಟಕ್ಕೇ ಬಿಡಲಿಲ್ಲ. "ಈ ಮನಿ ಬಿಟ್ಟಿರಾಕ ಆಗಂಗಿಲ್ಲಂತ ಅಕಿಗೆ."

ಅವಳು ಪರದೆಯನ್ನೇ ನೋಡುತ್ತಿದ್ದಳು. "ಎರಡ ದಿನಕ್ಕ ಹೋಗಾಕಿ ಗ್ವಾಡಿ ಮ್ಯಾಗಿನ ಅವ್ವನ ಫೋಟೋ ಯಾಕ ತಗದ್ಲ್ರಿ ಮತ್ತ?"

ಹುಡುಗಿ ಫೋಟೋವನ್ನು ಪೆಟ್ಟಿಗೆಗೆ ಹಾಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅಕ್ಷರದ ಮೇಲೇ ನನ್ನ ಕಣ್ಣು. "ನಾ ಬರೋಬ್ಬರಿ ಓದಲಿಲ್ಲೇನೋ," ಎಂದೆ. ಅದೂ ಸುಳ್ಳೇ.

ಅವಳು ಎದ್ದು, ಒಣಗಿದ ಬಟ್ಟೆ ತಂದು ಮಡಚಿಟ್ಟಳು. ನನ್ನ ಸೀರೆಯ ಅಂಚಿಗೆ ಅಂಚು ಕೂಡಿಸಿ, ಎಂದಿನಂತೆ. ಆಮೇಲೆ ಚಪ್ಪಲಿ ಮೆಟ್ಟುತ್ತ ಹೇಳಿದಳು, "ಸೋಮವಾರದಿಂದ ಸಾಲಿಗೇ ಹೋಗ್ತೀನ್ರಿ ಅಕ್ಕಾರ."

"ನನ್ನ ಕೇಳಿ ತಿಳಸ್ತೀನಿ ಅಂದಿದ್ಯಲ್ಲಾ?"

"ಕೇಳಿದ್ನೆಲ್ರಿ. ನೀವೂ ಹೇಳಿದ್ರಿ."

ಸಂಜೆ ಉದ್ಯಮಬಾಗದ ಕಾರ್ಖಾನೆಯಿಂದ ಬಂದ ನನ್ನವರು ಸುದ್ದಿ ಕೇಳಿ, ಯಾಕೆ ಬಿಟ್ಟಳು ಎಂದರು. ಅವಳ ಊರಲ್ಲೇ ಕೆಲಸ ಸಿಕ್ಕಿತು ಎಂದೆ. ನಿಜವೇ ಆಗಿದ್ದರಿಂದ ಸಲೀಸಾಗಿ ಬಾಯಿಗೆ ಬಂತು. ಉಳಿದದ್ದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ.