ಬೀರುವಿನಲ್ಲಿದ್ದ ನಾನೂರ ಹನ್ನೆರಡು ಕಥೆ ಪುಸ್ತಕ

ಪುಟ್ಟಲಕ್ಷ್ಮಿಯವರ ಕೈಯಿಂದ ಒಂದು ವಾಷರ್ ಬಿಡಿಸಿಕೊಂಡು ಹೋಗುವುದು ಹುಡುಗಾಟದ ಮಾತಾಗಿರಲಿಲ್ಲ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಸ್ಟೋರ್ ನೋಡಿಕೊಂಡವರು ಅವರು. ಚೀಟಿ ಇಲ್ಲದೆ ಬಂದವನು ಮ್ಯಾನೇಜರೇ ಆದರೂ ಕೌಂಟರಿನ ಆಚೆಗೇ ನಿಲ್ಲಬೇಕು. "ಏನ್ ಮೇಡಂ, ಒಂದು ನಟ್ಟಿಗೆ ಇಷ್ಟೊಂದು ಮಾಡ್ತೀರಾ" ಎಂದು ಯಾರಾದರೂ ಗೊಣಗಿದರೆ, "ಆ ಒಂದು ನಟ್ಟಿಗೇ ಅಲ್ವಾ ನಿಮ್ಮ ಮಷಿನ್ ನಿಂತಿರೋದು?" ಎನ್ನುತ್ತಿದ್ದರು. ನಿವೃತ್ತಿಯ ದಿನ ಬೀಗದ ಕೈ ಗೊಂಚಲಿಗೂ ಸಹಿ ಹಾಕಿಸಿಕೊಂಡೇ ಮನೆಗೆ ಹೋದರಂತೆ.

ಅಂಥವರು ಸುಮ್ಮನೆ ಕೂರುತ್ತಾರೆಯೇ? ಮಹಾಲಕ್ಷ್ಮಿ ಲೇಔಟಿನ ಮನೆಯಲ್ಲಿ ಬೇಳೆ ಡಬ್ಬಿಗಳಿಗೆ ಎಷ್ಟು ದಿನ ಅಂತ ಲೇಬಲ್ ಅಂಟಿಸಲಾದೀತು! ಒಂದು ದಿನ ಅತ್ತಿಗುಪ್ಪೆಯ ತಂಗಿ ರಾಗಿಣಿ ಮಕ್ಕಳ ಕಥೆ ಪುಸ್ತಕಗಳನ್ನು ಹಳೇ ಪೇಪರಿನವನಿಗೆ ಹಾಕಲು ಹೊರಟಿದ್ದಳು. ಇವರು ಕಿತ್ತುಕೊಂಡು ತಂದರು. ಅಲ್ಲಿಂದ ಶುರುವಾಯಿತು. ವಿಜಯನಗರ, ಮೂಡಲಪಾಳ್ಯ, ಬಸವೇಶ್ವರನಗರ ಎಂದು ಬೀದಿ ಬೀದಿ ಸುತ್ತಿ, ಗೇಟು ತಟ್ಟಿ, ಎಂಟು ತಿಂಗಳಲ್ಲಿ ನಾನೂರ ಹನ್ನೆರಡು ಕನ್ನಡ ಕಥೆ ಪುಸ್ತಕ ಕೂಡಿಸಿದರು. ಕೆಲವು ಮನೆಯವರು ಪುಸ್ತಕದ ಜೊತೆ ಕಾಫಿಯನ್ನೂ ಕೊಟ್ಟರು, ಕೆಲವರು ನಾಯಿ ಬಿಟ್ಟರು. ಎರಡಕ್ಕೂ ಅವರು ಬಗ್ಗಲಿಲ್ಲ.

ಪುಸ್ತಕಗಳು ಹೋಗಬೇಕಾಗಿದ್ದು ತಾವರೆಕೆರೆ ದಾಟಿ ಒಳಗೆ ನಡೆದರೆ ಸಿಗುವ ಸೀಗೇಕಟ್ಟೆಯ ಸರ್ಕಾರಿ ಶಾಲೆಗೆ. ಏಳನೇ ಕ್ಲಾಸಿನವರೆಗಿನ ಶಾಲೆ. ಪಠ್ಯಪುಸ್ತಕ ಬಿಟ್ಟರೆ ಓದಲು ಮತ್ತೊಂದು ಹಾಳೆ ಇರಲಿಲ್ಲ. ಪುಟ್ಟಲಕ್ಷ್ಮಿ ಪ್ರತಿ ಪುಸ್ತಕಕ್ಕೂ ಖಾಕಿ ಬೈಂಡು ಹಾಕಿ, ನಂಬರು ಬರೆದು, ದಪ್ಪ ರಿಜಿಸ್ಟರಿನಲ್ಲಿ ಒಂದೊಂದು ಸಾಲಿಗೂ ಹೆಡ್‌ಮಾಸ್ಟರ್ ಹನುಮಂತಯ್ಯನವರ ಸಹಿ ಹಾಕಿಸಿಕೊಂಡರು. ಕೊನೆಯ ಕಾಲಮ್ಮಿಗೆ ತಾವೇ ಗೆರೆ ಎಳೆದು ತಲೆಬರಹ ಕೊಟ್ಟಿದ್ದರು: "ಕಳೆದರೆ ಹೊಣೆ". ಬಸ್ಸಿನಲ್ಲಿ ವಾಪಸ್ ಬರುವಾಗ ಅವರಿಗೆ ತಮ್ಮ ಮೇಲೆ ತಮಗೇ ಅಭಿಮಾನ ಉಕ್ಕಿತ್ತು.

ಒಂದು ವರ್ಷ ಕಳೆದು, ಜನವರಿಯಲ್ಲಿ ನೋಡಿಕೊಂಡು ಬರೋಣವೆಂದು ಮತ್ತೆ ಹೋದರು. ಶಾಲೆಯ ಅಂಗಳದಲ್ಲಿ ಏಳನೇ ಕ್ಲಾಸಿನ ಅನು ಎಂಬ ಹುಡುಗಿ ಗಿಡಕ್ಕೆ ನೀರು ಹಾಕುತ್ತಿದ್ದಳು.

"ಯಾವ ಪುಸ್ತಕ ಇಷ್ಟ ಆಯ್ತೇ ನಿಂಗೆ?"

"ಖಾಕಿ ಬಣ್ಣದ್ದು ಅಜ್ಜಿ."

"ಎಲ್ಲಾದಕ್ಕೂ ಖಾಕಿ ಬೈಂಡೇ ಅಲ್ವೇನೇ?"

"ಹೂಂ. ಇನ್‌ಸ್ಪೆಕ್ಷನ್ ದಿನ ಮೇಷ್ಟ್ರು ಬೀರು ತೆಗೀತಾರಲ್ಲ, ಆಗ ನೋಡಿದೀವಿ."

ಪುಟ್ಟಲಕ್ಷ್ಮಿ ನೇರ ಆಫೀಸ್ ರೂಮಿಗೆ ನುಗ್ಗಿದರು. ಹನುಮಂತಯ್ಯನವರು ಸಡಗರದಿಂದ ಎದ್ದು ಕಬ್ಬಿಣದ ಬೀರು ತೆಗೆದರು. ನುಸಿಗುಳಿಗೆಯ ವಾಸನೆ ಗಮ್ಮೆಂದಿತು. ಒಂದು ಬೈಂಡೂ ಮಡಚಿರಲಿಲ್ಲ.

"ಎಣಿಸ್ಕೊಳ್ಳಿ ಮೇಡಂ. ಒಂದೂ ಕಳ್ದಿಲ್ಲ, ಒಂದೂ ಹರ್ದಿಲ್ಲ."

"ಮಕ್ಕಳಿಗೆ ಯಾಕೆ ಕೊಟ್ಟಿಲ್ಲ ಸಾರ್?"

ಹೆಡ್‌ಮಾಸ್ಟರು ಗಾಬರಿಯಾದರು. "ಹೊಣೆ ಅಂತ ಸಹಿ ಹಾಕಿದೀನಲ್ಲ ಮೇಡಂ. ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತೀನಿ. ಒಂದು ಹೋದ್ರೂ ನಿಮಗೆ ಏನಂತ ಮುಖ ತೋರಿಸ್ಲಿ?"

ಪುಟ್ಟಲಕ್ಷ್ಮಿಯ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಯಾರನ್ನು ಬೈಯುವುದು? ಆ ಕಾಲಮ್ಮಿನ ಗೆರೆ ಎಳೆದ ಸ್ಕೇಲು ಇವರದೇ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕದಲದೆ ಬಿದ್ದ ಮಾಲಿಗೆ ಡೆಡ್ ಸ್ಟಾಕ್ ಎನ್ನುತ್ತಿದ್ದರು; ಸ್ಟೋರ್ ನೋಡುವವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಈಗ ತಾವೇ ನಾನೂರ ಹನ್ನೆರಡು ಪುಸ್ತಕಗಳನ್ನು ಊರೂರು ಬೇಡಿ ತಂದು ಡೆಡ್ ಸ್ಟಾಕ್ ಮಾಡಿದ್ದರು. ಮಾರ್ಚ್ ಮುಗಿದರೆ ಅನು ಮತ್ತು ಅವಳ ಜೊತೆಯ ಒಂಬತ್ತು ಮಕ್ಕಳು ಒಂದು ಪುಟವನ್ನೂ ತಿರುವದೆ ಈ ಶಾಲೆ ಬಿಟ್ಟು ಹೋಗುತ್ತಾರೆ.

"ಎಲ್ಲಾನೂ ವಾಪಸ್ ಕೊಡಿ ಸಾರ್" ಎಂದರು.

"ಅಯ್ಯೋ, ತಪ್ಪಾಯ್ತಾ ಮೇಡಂ?"

"ತಪ್ಪು ನಂದು. ವಾಪಸ್ ತಗೊಂಡ್ರೆ ನಿಮ್ಮ ಹೊಣೆ ಮುಗೀತು. ಆಮೇಲೆ ನನ್ನ ಪುಸ್ತಕ ನಾನು ಎಲ್ಲಿ ಬೇಕಾದ್ರೂ ಇಡ್ತೀನಿ. ನಿಮ್ಮ ಜಗಲಿ ಮೇಲೆ ಇಡ್ತೀನಿ."

ಹನುಮಂತಯ್ಯನವರಿಗೆ ಅರ್ಧ ಸಮಾಧಾನ, ಅರ್ಧ ಭಯ. ಶಾಲಾ ಸಮಿತಿಯ ಅಧ್ಯಕ್ಷೆಯ ಸಾಕ್ಷಿ ಬೇಕೆಂದರು. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಅಧ್ಯಕ್ಷೆ ಲಿಂಗಮ್ಮ ಕ್ಯಾನು ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. "ಅಲ್ಲ ಕಣವ್ವಾ, ಮಕ್ಕಳು ಮುಟ್ಟದ ಪುಸ್ತಕಾನ ಇಲಿಗೆ ಅಂತ ತಂದಿದ್ರಾ? ಎಲ್ಲಿ ಸೈನ್ ಮಾಡ್ಬೇಕು ಹೇಳಿ" ಎಂದರು.

ಸೈನು ಮಾಡಬೇಕಾಗಿದ್ದದ್ದು ಒಂದಲ್ಲ. ಒಂದೊಂದು ಸಾಲಿಗೂ "ವಾಪಸ್ ಪಡೆದಿದ್ದೇನೆ" ಎಂದು ಪುಟ್ಟಲಕ್ಷ್ಮಿ ಬರೆಯಬೇಕೆಂದು ಹೆಡ್‌ಮಾಸ್ಟರು ಹಟ ಹಿಡಿದರು. ಹಟದ ಪಾಠ ಹೇಳಿಕೊಟ್ಟವರೇ ಇವರಾದ್ದರಿಂದ ಒಪ್ಪಿ ಪೆನ್ನು ತೆಗೆದರು. ಮಧ್ಯಾಹ್ನವೆಲ್ಲ ಕೂತು ಬರೆದರು. ಇನ್ನೂರು ದಾಟುವಷ್ಟರಲ್ಲಿ ಹೆಬ್ಬೆರಳು ಮರಗಟ್ಟಿತು, ಅಕ್ಷರ ಸೊಟ್ಟಗಾಯಿತು. ಲಿಂಗಮ್ಮ ನೀರುಮಜ್ಜಿಗೆ ತಂದುಕೊಟ್ಟರು. ನಾನೂರ ಹನ್ನೆರಡನೇ ಸಾಲಿನ ಕೆಳಗೆ ಎರಡು ಗೆರೆ ಎಳೆದು, ಬೈಂಡುಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿದರು. ಆನೆ, ಹುಲಿ, ರಾಜಕುಮಾರಿಯರೆಲ್ಲ ಹೊರಬಂದರು. ಜಗಲಿಯ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಪುಸ್ತಕಗಳನ್ನು ನೇತುಹಾಕಿದರು. ಹಗ್ಗದಲ್ಲಿ ಹಿಡಿಸದ್ದನ್ನು ಚಾಪೆಯ ಮೇಲೆ ಹರಡಿದರು.

ಶಾಲೆ ಬಿಡುವ ಗಂಟೆ ಹೊಡೆದರೂ ಮಕ್ಕಳು ದೂರವೇ ನಿಂತರು. "ತಗೊಳ್ರೋ, ಮನೆಗೂ ತಗೊಂಡೋಗಿ" ಎಂದರು ಪುಟ್ಟಲಕ್ಷ್ಮಿ. ಅನು ಮೊದಲು ಬಂದಳು. ಅವಳ ಹಿಂದೆ ಜಗಲಿಯೇ ಕಾಣದಷ್ಟು ಮಕ್ಕಳು. ಚೀಟಿ ಇಲ್ಲದೆ, ಸಹಿ ಇಲ್ಲದೆ ಮಾಲು ಹೊರಗೆ ಹೋಗುವುದನ್ನು ಅವರು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದರು. ಪೆನ್ನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದುಕೊಂಡರು.

ಮಾರ್ಚ್ ಕೊನೆಗೆ ಮತ್ತೆ ಹೋದಾಗ ಹನುಮಂತಯ್ಯನವರು ಗೇಟಿನಲ್ಲೇ ಕಾದಿದ್ದರು. ಮುಖ ಬಾಡಿತ್ತು. ಪುಸ್ತಕಗಳ ಮೇಲೆ ಸಾರಿನ ಕಲೆ, ಹುಣಸೆಹಣ್ಣಿನ ಅಂಟು. ಒಂದು ಹುಲಿಗೆ ಯಾರೋ ಮೀಸೆ ಬರೆದಿದ್ದರು.

"ಹೊಣೆ ನಂದಲ್ಲ, ಗೊತ್ತು. ಆದ್ರೂ ಮನಸ್ಸು ತಡೀಲಿಲ್ಲ, ಎಣಿಸ್ದೆ" ಎಂದರು ಅವರು ತಗ್ಗಿದ ದನಿಯಲ್ಲಿ. "ಹನ್ನೊಂದು ಇಲ್ಲ ಮೇಡಂ."

"ಯಾವ್ಯಾವ್ದು ಅಂತ ಗೊತ್ತಾ?"

"ಎಲ್ಲಾ ಬರ್ದಿಟ್ಟಿದೀನಿ."

"ಹಾಗಾದ್ರೆ ಆ ಪಟ್ಟಿ ಕೊಡಿ. ಅವನ್ನೇ ಎರಡೆರಡು ತರ್ತೀನಿ. ಹುಡುಗರಿಗೆ ಬೇಕಾಗಿರೋದು ಅವೇ ಅಲ್ವಾ?"

"ಮತ್ತೆ ಕಳೆದ್ರೆ?"

"ಮತ್ತೆ ತರ್ತೀನಿ. ಖಾಲಿ ಆಗಿದ್ದನ್ನ ತುಂಬ್ಸೋದೇ ಸಾರ್ ಸ್ಟೋರ್ ಕೆಲಸ."

ಹನುಮಂತಯ್ಯನವರು ಜೇಬಿನಿಂದ ಪಟ್ಟಿ ತೆಗೆದರು. ಆಮೇಲೆ ಇವರ ಪೆನ್ನು ಕೇಳಿ ಪಡೆದು, ಕೆಳಗೆ ಇನ್ನೊಂದು ಪುಸ್ತಕದ ಹೆಸರು ಸೇರಿಸಿದರು.

"ಹನ್ನೆರಡು ಮಾಡ್ಕೊಳ್ಳಿ ಮೇಡಂ" ಎಂದರು. "ಒಂದು ನಮ್ಮನೇಲಿದೆ. ಮೊಮ್ಮಗಳು ಕೊಡ್ತಾ ಇಲ್ಲ."